ಸರ್ವಿಸ್ ಮುರಿಯಲು ಬಿಡದ ರೂಪಶ್ರೀಯವರು

ಮೂಡಿಗೆರೆ, ಕಳಸದ ತೋಟಗಳಲ್ಲಿ ಕಾಫಿಯ ಬೆಳೆ ಬಲ್ಲವರಿಗೂ ಬೆಲೆ ಬಲ್ಲವರಿಗೂ ಬರವಿಲ್ಲ. ಆದರೆ ಭವಿಷ್ಯನಿಧಿಯ ನಿಯಮಗಳನ್ನು ಬಲ್ಲವರು, ಬಲ್ಲದ್ದನ್ನು ಬೇಸರವಿಲ್ಲದೆ ತಿಳಿಸಬಲ್ಲವರು ಯಾರೆಂದರೆ ನೆನಪಾಗುವ ಹೆಸರು ನಮ್ಮ ಎಸ್ಟೇಟಿನ ಮುಖ್ಯ ಲೆಕ್ಕಾಧಿಕಾರಿ ಶ್ರೀಮತಿ ರೂಪಶ್ರೀಯವರದು. ಅವರ ನಿವೃತ್ತಿಯ ಈ ಗ್ರಂಥಕ್ಕೆ ಲೇಖನ ಬೇಕೆಂದು ಸಂಪಾದಕರು ನನ್ನನ್ನು ಹಿಡಿದದ್ದು ನಾನು ‘ರೈಟರ್ ಚೌಡಯ್ಯ’ ಎಂಬ ಕಾರಣಕ್ಕೆ. ತೋಟದಲ್ಲಿ ರೈಟರ್ ಎಂದರೆ ಆಳುಗಳ ಹಾಜರಿ ಬರೆಯುವವನು ಎಂಬುದು ಪಾಪ, ಆ ಮಹನೀಯರಿಗೆ ತಿಳಿಯುವಷ್ಟರಲ್ಲಿ ನಾನು ಒಪ್ಪಿಯಾಗಿತ್ತು.

ಕುದುರೆಮುಖದಲ್ಲಿ ಗಣಿ ನಿಂತು ಊರು ಖಾಲಿಯಾದಾಗ, ಅಲ್ಲಿನ ಗುತ್ತಿಗೆದಾರರೊಬ್ಬರ ಕಚೇರಿಯಲ್ಲಿದ್ದ ರೂಪಶ್ರೀಯವರು ನಮ್ಮಲ್ಲಿಗೆ ಬಂದರು. ಜೊತೆಯವರೆಲ್ಲ ಗಡಿಬಿಡಿಯಲ್ಲಿ ಪಿಎಫ್ ತೆಗೆದುಕೊಂಡು ಕೈ ಬರಿದು ಮಾಡಿಕೊಂಡದ್ದನ್ನು ಕಂಡಿದ್ದ ಅವರು ತಮ್ಮ ಖಾತೆಯನ್ನು ಮಾತ್ರ ಹೊಸ ಕೆಲಸಕ್ಕೆ ವರ್ಗಾಯಿಸಿಕೊಂಡೇ ಬಂದರು. “ಜಾಗ ಬದ್ಲಾಗ್ಲಿ, ಸರ್ವಿಸ್ ಮುರೀಬಾರ್ದು” ಎಂಬ ಅವರ ಮಾತನ್ನು ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದದ್ದೂ ಉಂಟು.

ಅದರ ಬೆಲೆ ನನಗೆ ತಿಳಿದದ್ದು ನಮ್ಮ ಮೆಕ್ಯಾನಿಕ್ ತಯ್ಯಬ್‌ನಿಂದ. ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಅವನಿಗೆ ಕೆಲಸ ಸಿಕ್ಕಿತ್ತು. ಹೋಗುವ ಮೊದಲು ಪಿಎಫ್ ಪೂರ್ತಿ ತೆಗೆದು, ಮೂಡಿಗೆರೆಯಲ್ಲಿ ಸ್ವಂತ ಗ್ಯಾರೇಜಿಗೆಂದು ನೋಡಿಟ್ಟಿದ್ದ ಮಳಿಗೆಗೆ ಮುಂಗಡ ಕೊಡುವುದು ಅವನ ಆಸೆ. ಐದು ವರ್ಷದ ಸೇವೆ ತುಂಬಲು ಇನ್ನೂ ಕೆಲವು ತಿಂಗಳಿತ್ತು.

“ಕಾಫಿ ದುಡ್ಡಿಗೆ ಟ್ಯಾಕ್ಸ್ ಇಲ್ಲ ಅಂತಾರಲ್ಲ ಮೇಡಂ, ನನ್ ಪಿಎಫ್ಫೂ ಕಾಫಿ ದುಡ್ಡೇ ಅಲ್ವಾ?” ಎಂದ ತಯ್ಯಬ್. ನಾನು ನಕ್ಕುಬಿಟ್ಟೆ, ರೂಪಶ್ರೀಯವರು ನಗಲಿಲ್ಲ.

“ಆ ವಿನಾಯ್ತಿ ಬೆಳೆದವ್ರ ಬೆಳೆಗೆ, ತಯ್ಯಬ್. ನಿಂದು ಸಂಬಳ. ಐದು ವರ್ಷ ತುಂಬೋಕೆ ಮುಂಚೆ ತೆಗೆದ್ರೆ ಎಸ್ಟೇಟ್ ಹಾಕಿದ ಪಾಲೂ ಬಡ್ಡಿನೂ ಆದಾಯಕ್ಕೆ ಸೇರುತ್ತೆ. ಪ್ಯಾನ್ ಬೇರೆ ಜೋಡಿಸಿಲ್ಲ ನೀನು, ಕೊಡುವಾಗ್ಲೇ ಜಾಸ್ತಿ ಹಿಡಿತಾರೆ. ಖಾತೆ ಅಲ್ಲಿಗೆ ವರ್ಗ ಮಾಡಿಸ್ಕೊ, ಇಲ್ಲಿನ ಸರ್ವಿಸೂ ಲೆಕ್ಕಕ್ಕೆ ಬರುತ್ತೆ. ಐದು ತುಂಬಿದ್ಮೇಲೆ ತೆಗೆದ್ರೆ ಟ್ಯಾಕ್ಸ್ ಇರಲ್ಲ.”

“ಅಷ್ಟೊತ್ತಿಗೆ ಮಳಿಗೆ ಬೇರೆಯವ್ರ ಪಾಲಾಗುತ್ತೆ.”

ನಿಯಮ ಹೇಳಿ ಕೈತೊಳೆದುಕೊಳ್ಳುವವರು ಬೇಕಾದಷ್ಟಿದ್ದಾರೆ. ರೂಪಶ್ರೀಯವರು ಮರುದಿನ ರಜೆ ಹಾಕಿ, ಮಳಿಗೆಯ ಮಾಲೀಕರಾದ ಬಸವರಾಜಪ್ಪನವರ ಮನೆಗೆ ತಾವೇ ಹೋದರು. ಅವರು ನಿವೃತ್ತ ಮೇಷ್ಟ್ರು. ತಮ್ಮ ಠೇವಣಿಯ ಬಡ್ಡಿಗೆ ಬ್ಯಾಂಕಿನವರು ತೆರಿಗೆ ಹಿಡಿದರೆಂದು ಕುದಿಯುತ್ತಿದ್ದರು. ಅದನ್ನು ವಾಪಸು ಪಡೆಯುವ ದಾರಿ ತೋರಿಸಿ, ಮಳಿಗೆಯನ್ನು ತಯ್ಯಬ್‌ಗೆಂದು ಇನ್ನೊಂದು ವರ್ಷ ಕಾದಿಡುವ ಮಾತು ಪಡೆದೇ ಇವರು ಎದ್ದದ್ದು. ತಯ್ಯಬ್ ಕ್ಯೂರಿಂಗ್ ವರ್ಕ್ಸಿನಲ್ಲಿ ಐದು ವರ್ಷ ತುಂಬಿಸಿ, ಕೆಲಸ ಬಿಟ್ಟು, ಕಡಿತವಿಲ್ಲದೆ ಹಣ ಪಡೆದು ಗ್ಯಾರೇಜು ತೆರೆದ. ಅಂದು ನನಗಾದ ಸಂತೋಷ ನನ್ನ ಸ್ವಂತ ಬಡ್ತಿಯ ದಿನವೂ ಆಗಿರಲಿಲ್ಲ.

ಕಳೆದ ವಾರ ರೂಪಶ್ರೀಯವರ ಸ್ಕೂಟರು ಬಿಡಿಸಿಕೊಳ್ಳಲು ನಾವಿಬ್ಬರೂ ಆ ಗ್ಯಾರೇಜಿಗೆ ಹೋಗಿದ್ದೆವು. “ಇನ್ಮೇಲೆ ನನ್ನನ್ ಯಾರು ಏನ್ ಕೇಳ್ತಾರೆ ಚೌಡಯ್ಯನವ್ರೇ” ಎಂದರು. ಎಂಥ ಕಷ್ಟದ ಲೆಕ್ಕಕ್ಕೂ ತಗ್ಗದಿದ್ದ ಅವರ ದನಿ ಅಂದು ತಗ್ಗಿತ್ತು. ತಯ್ಯಬ್ ಒಳಗಿನಿಂದ ಒಂದು ಮೇಜು ತಂದು ಬಾಗಿಲ ಬಳಿ ಇಟ್ಟ.

“ಜಾಗ ಬದ್ಲಾದ್ರೆ ಸರ್ವಿಸ್ ಮುರಿಯಲ್ಲ ಅಂದಿದ್ದು ನೀವೇ ಅಲ್ವಾ ಮೇಡಂ. ಶನಿವಾರ ಶನಿವಾರ ಇಲ್ಲಿಗೆ ವರ್ಗ ಮಾಡಿಸ್ಕೊಳಿ.”

ಅವರು ಕಣ್ಣೊರೆಸಿಕೊಂಡು, ಮೇಜನ್ನು ಬೆಳಕಿರುವ ಕಡೆಗೆ ಸರಿಸಿದರು.

ಆ ಮೇಜಿನ ಮುಂದೆ ಅವರು ನೂರು ಕಾಲ ಆರೋಗ್ಯದಿಂದ ಕೂತಿರಲೆಂದು ಹಾರೈಸುತ್ತೇನೆ. ಬರುವ ಶನಿವಾರ ಮೊದಲ ಸರದಿ ನನ್ನದು. ನನ್ನ ನಿವೃತ್ತಿಯೂ ಹತ್ತಿರ ಬಂತು, ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ದರೂ ನನಗಿನ್ನೂ ಏನೂ ಗೊತ್ತಿಲ್ಲ.