ಮಾವ ಕೊಟ್ಟ ಮೂರು ಅಂಕ

ನನ್ನ ಸೋದರಮಾವನ ಬಲಗೈಗೆ ಅಂಕ ಕೊಡಲು ಬರುತ್ತದೆ. ಮೊಲ ಸಾಕಾಣಿಕೆ ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷ ಮೊಲಗಳ ಬೆನ್ನು ಸವರಿ ಸವರಿ ಕಲಿತ ವಿದ್ಯೆ ಅದು. ಬೆನ್ನುಮೂಳೆ ಗರಗಸದ ಹಲ್ಲಿನಂತೆ ಬೆರಳಿಗೆ ಚುಚ್ಚಿದರೆ ಒಂದು. ಮೂಳೆ ಕೈಗೆ ಸಿಕ್ಕಿಯೂ ಚುಚ್ಚದಿದ್ದರೆ ಮೂರು. ಅದೇ ಸರಿಯಾದ ಮೈಕಟ್ಟು. ಮೂಳೆ ಎಲ್ಲಿದೆಯೆಂದು ಹುಡುಕಬೇಕಾದರೆ ಐದು. ಕೇಂದ್ರದ ಡಾಕ್ಟರು ತಕ್ಕಡಿ ತರಿಸುವಷ್ಟರಲ್ಲಿ ಮಾವ ಅಂಕ ಹೇಳಿ ಮುಂದಿನ ಗೂಡಿಗೆ ಹೋಗಿರುತ್ತಾನೆ.

“ನೀವು ಮೇಷ್ಟ್ರಾಗ್ಬೇಕಿತ್ತು,” ಎಂದು ಡಾಕ್ಟರು ರೇಗಿಸಿದರೆ, “ಮಕ್ಳು ಮಾರ್ಕ್ಸಿಗೆ ಜಗಳ ತೆಗೀತವೆ ಸಾರ್, ಇವು ತೆಗೆಯಲ್ಲ,” ಎನ್ನುತ್ತಾನೆ.

ಕಾಲೇಜು ಹತ್ತಿರವೆಂದು ನಾನು ಮಾವನ ಮನೆಯಲ್ಲೇ ಇದ್ದೇನೆ. ರಜೆಯ ದಿನ ಅವನ ಹಿಂದೆ ಶೆಡ್ಡಿಗೂ ಹೋಗುತ್ತೇನೆ. ಈ ಸಲ ಹದಿನೇಳನೇ ಗೂಡಿನ ತಾಯಿಮೊಲ ಎಂಟು ಮರಿಗಳಿಗೆ ಹಾಲೂಡಿಸಿ ಒಂದಕ್ಕೆ ಇಳಿದಿತ್ತು. ಮಾವ ಅದಕ್ಕೆ ಕ್ಯಾರೆಟ್, ಬೀಟ್‌ರೂಟ್, ಗೆಣಸು ಹೆಚ್ಚಿ ಹಾಕತೊಡಗಿದ. ಮೊದಲ ದಿನ ಹೆಬ್ಬೆರಳಿನಷ್ಟು ಒಂದೇ ತುಂಡು.

“ಹೊಟ್ಟೆ ತುಂಬೋದು ಹುಲ್ಲಿಂದ. ಗೆಡ್ಡೆ ಜಾಸ್ತಿಯಾದ್ರೆ ಹೊಟ್ಟೆ ಕೆಡುತ್ತೆ. ಇನ್ನೊಂದು, ಬೇಡ ಅಂದ್ರೆ ಬಾಯಿಗೆ ತುರುಕಬಾರದು. ಕಾಯಬೇಕು,” ಎಂದ ನನಗೆ.

ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಕುಕ್ಕರಗಾಲಿನಲ್ಲಿ ಕೂತು ಅವನು ಕಾಯುತ್ತಿದ್ದ. ಮೂಗು ಅದುರಿಸುತ್ತ ಮೊಲ ಕೊನೆಗೂ ಬರುತ್ತಿತ್ತು.

ಮನೆಯಲ್ಲಿ ಅತ್ತೆಗೂ ಊಟ ಮೈಗೆ ಹತ್ತುತ್ತಿರಲಿಲ್ಲ. ಹೊಟ್ಟೆಯ ಕಾಯಿಲೆ, ಎರಡು ಆಪರೇಷನ್ ಆಗಿತ್ತು. ಹೋದ ತಿಂಗಳು ಆಸ್ಪತ್ರೆಯ ಡಾಕ್ಟರು ಮಾತ್ರೆ ಬದಲಿಸಲಿಲ್ಲ, ಪಥ್ಯವನ್ನೂ ಹೇಳಲಿಲ್ಲ. “ಏನಿಷ್ಟವೋ ಅದನ್ನ ತಿನ್ಲಿ,” ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಮಾವ ಆ ಮಾತನ್ನು ಒಳ್ಳೆಯ ಸುದ್ದಿಯಂತೆ ನನಗೆ ಎರಡು ಸಲ ಹೇಳಿದ. ಮೂರನೇ ಸಲ ಅರ್ಧಕ್ಕೇ ನಿಲ್ಲಿಸಿದ.

ಅಂದಿನಿಂದ ಪ್ರತಿ ಸಂಜೆ ಗೆಣಸು, ಕ್ಯಾರೆಟ್ ಬೇಯಿಸಿ ನುಣ್ಣಗೆ ಕಿವುಚಿ ಬಟ್ಟಲಲ್ಲಿ ತರುತ್ತಿದ್ದ.

“ರೀ, ನಾನೇನು ನಿಮ್ಮ ಶೆಡ್ಡಿನ ಮೊಲಾನಾ?”

“ಮೊಲ ಆಗಿದ್ರೆ ಇಷ್ಟು ಮಾತಾಡ್ತಿರ್ಲಿಲ್ಲ ಕಣೆ. ತಿನ್ನು.”

ಎರಡು ಚಮಚ, ಅಷ್ಟೇ. ಆಮೇಲೆ ಮಾತು ಮರೆಸಲು ಅತ್ತೆ ಕೇಳುವಳು: “ನಿಮ್ಮ ಹದಿನೇಳನೇ ನಂಬರಿನೋಳು ಹೇಗಿದಾಳೆ?”

“ಒಂದೂವರೆ.” ಮುಂದಿನ ವಾರ, “ಎರಡು.” ಹೇಳುವಾಗ ಮಾವನ ಮುಖ ಅರಳುತ್ತಿತ್ತು; ಬಟ್ಟಲು ನೋಡಿದೊಡನೆ ಬಾಡುತ್ತಿತ್ತು.

ಆ ಭಾನುವಾರ ಮಧ್ಯಾಹ್ನ ಅವನು ಚಪ್ಪಲಿ ಬಿಡುವ ಮೊದಲೇ, “ಮೂರು ಬಂತು!” ಎಂದ. ಅತ್ತೆಯ ಸ್ನಾನ ಆಗಷ್ಟೇ ಮುಗಿದಿತ್ತು. ನಾನು ತಲೆ ಒರೆಸುತ್ತಿದ್ದೆ. ಬೆನ್ನಿಗೆ ಪೌಡರ್ ಹಚ್ಚುವುದು ಮಾವನ ಕೆಲಸ. ಅತ್ತೆ ಮಂಡಿಯ ಮೇಲೆ ಹಣೆಯಿಟ್ಟು ಕೂತಳು. ಅವನ ಕೈ ಮೇಲಿನಿಂದ ಕೆಳಗೆ, ರೂಢಿಯಂತೆ, ಇಳಿಯಿತು.

“ನನಗೆಷ್ಟು ಮಾರ್ಕ್ಸು?” ಎಂದಳು.

ಕೈ ನಿಂತಿತು. ಪೌಡರಿನ ಬಿಳಿಯಲ್ಲಿ ಆ ಮೂಳೆಗಳನ್ನು ನಾನು ನಿಂತಲ್ಲಿಂದಲೇ ಎಣಿಸಬಹುದಿತ್ತು.

“ಮೂರು,” ಎಂದ ಮಾವ.

“ಹಾಗಾದ್ರೆ ಪಾಸು ಬಿಡಿ.”

ಅವನು ಕೈ ತೊಳೆಯಲು ಹೋದ. ಬಚ್ಚಲಲ್ಲಿ ನಲ್ಲಿ ಬಹಳ ಹೊತ್ತು ಸುರಿಯಿತು. ಅತ್ತೆ ಮಂಡಿಯಿಂದ ತಲೆಯೆತ್ತದೆ ಮೆಲ್ಲಗೆ ಹೇಳಿದಳು: “ಇವರಿಗೆ ಸುಳ್ಳು ಹೇಳೋಕೆ ಬರಲ್ಲ ಕಣೇ. ಎರಡು ಅಂದಿದ್ರೆ ನಂಬ್ತಿದ್ದೆ.”

ಸಂಜೆ ಬಟ್ಟಲು ಬಂತು. ಎರಡು ಚಮಚವಾದ ಮೇಲೆ ಅತ್ತೆ ತಾನಾಗಿ ಬಾಯಿ ತೆರೆದಳು.

“ಇನ್ನೊಂದು ಕೊಡಿ. ಮೂರು ಮಾರ್ಕ್ಸು ತಗೊಂಡೋಳು ಮೂರು ಚಮಚ ತಿನ್ನಬೇಡ್ವಾ?”

ಮಾವ ಕೊಟ್ಟ. ಅದು ಕೆನ್ನೆಯೊಳಗೇ ನಿಂತಿತು, ಕೆಳಗಿಳಿಯಲಿಲ್ಲ. ಅತ್ತೆ ಅವನನ್ನೇ ನೋಡುತ್ತಿದ್ದಳು. ನುಂಗು ಎಂದು ಅವನು ಹೇಳಲಿಲ್ಲ. ಬಟ್ಟಲನ್ನು ನೆಲಕ್ಕಿಟ್ಟು, ಮಂಚದ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಅವಳ ಗಲ್ಲದ ಕೆಳಗೆ ಅಂಗೈಯೊಡ್ಡಿ ಕಾದ.