ದಪ್ಪವಿಲ್ಲದ ಗೋಡೆಗಳು

ಟೇಪಣ್ಣನಿಗೆ ಕೂತಲ್ಲಿ ಕೂರಲಾಗದ ಕಾಯಿಲೆ ಅಂಟಿಕೊಂಡದ್ದು ಒಂದು ಮಂಗಳವಾರ ಮಧ್ಯಾಹ್ನ. ಅದಕ್ಕೆ ಮುಂಚೆ ಅವನಷ್ಟು ನಿಧಾನಸ್ಥ ದರ್ಜಿ ಆ ಬೀದಿಯಲ್ಲೇ ಇರಲಿಲ್ಲ. ಸೋಮವಾರ ಕೊಡುತ್ತೇನೆಂದ ಅಂಗಿಯನ್ನು ಶುಕ್ರವಾರ ಕೊಟ್ಟು, ಅದೂ ನಗುನಗುತ್ತಾ ಕೊಟ್ಟು ಕಳಿಸುವ ಆಸಾಮಿ. ಅಳತೆಯ ಟೇಪು ಸದಾ ಕೊರಳಲ್ಲೇ ನೇತಾಡುತ್ತಿದ್ದುದರಿಂದ ಬೀದಿಯವರು ಅವನನ್ನು ಟೇಪಣ್ಣ ಮಾಡಿಬಿಟ್ಟಿದ್ದರು. ಸ್ವಂತ ಹೆಸರು ಕರೆಂಟು ಬಿಲ್ಲಿನ ಮೇಲೆ ಉಳಿದುಕೊಂಡಿತ್ತು, ಅಷ್ಟೆ.

ಮನೆಯ ಮುಂದಿನ ಹಾಲೇ ಅವನ ಅಂಗಡಿ. ಬಾಗಿಲ ಬಳಿ ಹೊಲಿಗೆ ಮೆಷಿನ್ನು, ನಡುವೆ ಕಟಿಂಗ್ ಟೇಬಲ್ಲು, ಮೂಲೆಯಲ್ಲಿ ಒಂದು ಹಸಿರು ಪರದೆ. ಪರದೆಯ ಹಿಂದೆ ಅವನ ಅಕ್ಕನ ಮಂಚ. ಗಿರಾಕಿಗಳು ಹೊಲಿದ ಬಟ್ಟೆಯನ್ನು ಹಾಕಿ ನೋಡುವುದೂ ಅದೇ ಪರದೆಯ ಹಿಂದೆ. ಯಾರಾದರೂ ಟ್ರಯಲ್ ಎಂದರೆ ಸಾಕು, ಅಕ್ಕ ತಾನು ಗುಂಡಿ ಹಚ್ಚುತ್ತಿದ್ದ ಅಂಗಿಯನ್ನು ಸುತ್ತಿಕೊಂಡು ಅಡುಗೆಮನೆಗೆ ಹೋಗಿ ನಿಲ್ಲುವಳು. ಗಿರಾಕಿ ಹೊರಗೆ ಬಂದ ಮೇಲೆ ವಾಪಸು ಬಂದು ಕೂರುವಳು. ದಿನಕ್ಕೆ ಏಳೆಂಟು ಸಲದಂತೆ ಮೂವತ್ತೊಂದು ವರ್ಷ ಇದು ನಡೆದಿತ್ತು. ಟೇಪಣ್ಣನಿಗೆ ಹನ್ನೊಂದು ವರ್ಷವಾಗಿದ್ದಾಗ ತಾಯಿ ತೀರಿಕೊಂಡಳು. ಆಮೇಲೆ ಅವನನ್ನು ಸಾಕಿದವಳು, ಕೈ ಹಿಡಿದು ಕರೆದೊಯ್ದು ಹೊಲಿಗೆ ಕಲಿಯಲು ಬಿಟ್ಟವಳು ಈ ಅಕ್ಕನೇ. ಅವಳು ಮದುವೆಯಾಗಲಿಲ್ಲ. ಯಾಕೆಂದು ಇವನು ಕೇಳಲಿಲ್ಲ. ಕೇಳುವಷ್ಟು ಬುದ್ಧಿ ಬರುವ ಹೊತ್ತಿಗೆ ಅವಳ ವಯಸ್ಸು ದಾಟಿಹೋಗಿತ್ತು.

ಆ ಮಂಗಳವಾರ ಅಕ್ಕನಿಗೆ ಮೈ ಕೆಂಡದಂತೆ ಸುಡುತ್ತಿತ್ತು. ಕೋಟು ಹೊಲಿಸಲು ಕೊಟ್ಟಿದ್ದ ಬ್ಯಾಂಕಿನವರೊಬ್ಬರು ಬಂದರು. ಟೇಪಣ್ಣ, ಸುಮ್ಮನೆ ಅಭ್ಯಾಸಬಲದಿಂದ, "ಒಳಗೆ ಹೋಗಿ ಹಾಕಿ ನೋಡಿ ಸಾರ್" ಎಂದುಬಿಟ್ಟ. ಪರದೆ ಸರಿಯಿತು. ಅಕ್ಕ ಗೋಡೆ ಹಿಡಿದುಕೊಂಡು ಹೊರಗೆ ಬಂದಳು, ಬ್ಯಾಂಕಿನವರಿಗೆ ದಾರಿ ಬಿಟ್ಟಳು, ಅಡುಗೆಮನೆಗೆ ಹೋಗಿ ನೆಲದ ಮೇಲೆ ಕುಸಿದು ಕೂತಳು. ಬ್ಯಾಂಕಿನವರು ಕನ್ನಡಿಯ ಎದುರು ಹಿಂದೆ ಮುಂದೆ ತಿರುಗಿ, ತೋಳು ಒಂಚೂರು ಗಿಡ್ಡವಾಯಿತೇನೋ ಎಂದು ಹತ್ತು ನಿಮಿಷ ಯೋಚಿಸಿದರು. ಅಷ್ಟೂ ಹೊತ್ತು ಟೇಪಣ್ಣನ ಕಣ್ಣು ಅಡುಗೆಮನೆಯ ಬಾಗಿಲಲ್ಲಿ ಕಾಣುತ್ತಿದ್ದ ಅಕ್ಕನ ಪಾದಗಳ ಮೇಲಿತ್ತು. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಅವರು ಹೋದದ್ದೇ ತಡ, ಅರ್ಧ ಕತ್ತರಿಸಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟು, ಟೇಪು ಹಿಡಿದು ಮನೆಯ ಪಕ್ಕದ ಖಾಲಿ ಜಾಗಕ್ಕೆ ನುಗ್ಗಿದ. ಒಡೆದ ಬಕೆಟ್ಟು, ಮುರಿದ ಕುರ್ಚಿಗಳೆಲ್ಲ ಬಿದ್ದಿದ್ದ ಜಾಗ. ಪಕ್ಕದ ಮನೆಯ ಕಡೆ ಬಿಡಬೇಕಾದದ್ದನ್ನು ಬಿಟ್ಟು ಅಳೆದರೆ ಹನ್ನೆರಡಡಿ ಅಗಲ, ಇಪ್ಪತ್ತಡಿ ಉದ್ದ. ಕೆಳಗೆ ಅಕ್ಕನಿಗೊಂದು ಕೋಣೆ, ಬಾಗಿಲಿರುವ ಕೋಣೆ. ಅದರ ಮೇಲೆ ಅಂಗಡಿ, ಹಾಲು ಇನ್ನು ಮನೆಯವರಿಗೇ. ಮೊಣಕಾಲು ನೋವಿನ ಅಕ್ಕ ಕೆಳಗೆ, ಗಿರಾಕಿಗಳು ಮೇಲೆ. ಎರಡಂತಸ್ತು, ಮುಗಿಯಿತಲ್ಲ ಎಂದುಕೊಂಡ.

ಅಲ್ಲಿಂದ ಮುಂದೆ ಮನೆಯಲ್ಲಿ ಯಾರಿಗೂ ನೆಮ್ಮದಿ ಇಲ್ಲ. ಪ್ಯಾಂಟಿನ ಪ್ಯಾಟರ್ನು ಕತ್ತರಿಸುವ ಕಂದು ಕಾಗದದ ಮೇಲೆ ಟೇಪಣ್ಣ ಮನೆ ಬರೆಯತೊಡಗಿದ. ಒಂದಡಿಗೆ ಒಂದಿಂಚು. ಕೋಣೆಗೊಂದು ತುಂಡು, ಬಚ್ಚಲಿಗೊಂದು ತುಂಡು, ಮೆಟ್ಟಿಲಿಗೊಂದು ಪಟ್ಟಿ. ಕತ್ತರಿಸುವುದು, ಗುಂಡುಸೂಜಿ ಚುಚ್ಚಿ ಜೋಡಿಸುವುದು, ದೂರ ನಿಂತು ನೋಡುವುದು, ಕಿತ್ತು ಮತ್ತೆ ಜೋಡಿಸುವುದು. ಮೆಷಿನ್ನಿನ ಮುಂದೆ ಕೂತು ನಾಲ್ಕು ಹೊಲಿಗೆ ಹಾಕಿದ್ದರೆ ಹೆಚ್ಚು, ಎದ್ದು ಹೋಗಿ ಕಿಟಕಿಯನ್ನು ಅರ್ಧ ಇಂಚು ಸರಿಸಿ ಬರುವನು. ಊಟಕ್ಕೆ ಕೂತವನು ಎಡಗೈಯಲ್ಲಿ ತಟ್ಟೆಯ ಅಗಲ ಅಳೆಯುವನು. ಅಕ್ಕನಿಗೆ ತಿಳಿಯದಂತೆ ಅವಳ ಅಳತೆಯನ್ನೂ ತೆಗೆದುಕೊಂಡ. ಮಂಚದಿಂದ ಬಚ್ಚಲಿಗೆ ಎಷ್ಟು ಹೆಜ್ಜೆ, ಕೈ ಎತ್ತಿದರೆ ಎಷ್ಟು ಎತ್ತರ ಸಿಗುತ್ತದೆ, ಕೂತು ಏಳುವಾಗ ಯಾವ ಕೈ ಊರುತ್ತಾಳೆ, ಎಲ್ಲವೂ ಕಾಗದದ ಅಂಚಿನಲ್ಲಿ ದಾಖಲು. ಬಂದ ಗಿರಾಕಿಗೆಲ್ಲ ಸಡಿಲ ಇರಲಾ, ಬಿಗಿ ಇರಲಾ ಎಂದು ಎರಡೆರಡು ಸಲ ಕೇಳುವ ಮನುಷ್ಯ ಅಕ್ಕನನ್ನು ಮಾತ್ರ ಏನೂ ಕೇಳಲಿಲ್ಲ.

"ರೀ, ಒಂದು ಗಳಿಗೆ ಕೂತ್ಕೊಳ್ಳಿ ನೋಡೋಣ. ನಿಮ್ಮನ್ನ ನೋಡಿ ನೋಡಿ ನನಗೇ ಕಾಲು ನೋಯ್ತಿದೆ" ಎಂದಳು ಹೆಂಡತಿ.

"ಕೂತ್ರೆ ಮೆಟ್ಟಿಲು ಮರೆತುಹೋಗುತ್ತೆ ಕಣೇ."

"ಬರೀ ಕಾಗದದಲ್ಲೇ ಎಷ್ಟು ಸಲ ಮನೆ ಕಟ್ತೀರಿ? ಯಾರಾದ್ರೂ ತಿಳಿದೋರನ್ನ ಕರೆಸಿ."

"ಅಳತೆ ವಿಷಯದಲ್ಲಿ ನನಗಿಂತ ತಿಳಿದೋರು ಯಾರಿದ್ದಾರೆ?" ಎಂದ ಟೇಪಣ್ಣ. ಈ ಮಾತನ್ನು ಆಡಬಾರದಿತ್ತು. ಹೆಂಡತಿ ಅದನ್ನು ಮನಸ್ಸಿನಲ್ಲಿ ಭದ್ರವಾಗಿ ಇಟ್ಟುಕೊಂಡಳು.

ಇಪ್ಪತ್ತೆರಡನೆಯ ಕಾಗದವನ್ನು ಒಪ್ಪಿಕೊಂಡ ಮೇಲೆ ಮೇಸ್ತ್ರಿಯನ್ನು ಕರೆಸಿದ. ಮೇಸ್ತ್ರಿ ವಯಸ್ಸಾದವನು, ಕಡಿಮೆ ಮಾತಿನವನು. ಕಾಗದವನ್ನು ಕೈಯಲ್ಲಿ ಹಿಡಿದು ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗೆ ನೋಡಿದ. ಕಾಗದದ ಮೇಲೆ ಹನ್ನೆರಡಡಿಯ ಕೋಣೆ, ನಾಲ್ಕಡಿಯ ಬಚ್ಚಲು, ನಾಲ್ಕಡಿಯಲ್ಲಿ ಮೆಟ್ಟಿಲು, ಒಟ್ಟು ಇಪ್ಪತ್ತು. ಕೂಡಿಸಿದರೆ ಒಂದು ಎಳೆಯೂ ಹೆಚ್ಚುಕಡಿಮೆ ಇಲ್ಲ.

"ಮಾಸ್ಟ್ರೇ, ಗೋಡೆ ಎಲ್ಲಿ?" ಎಂದು ಕೇಳಿದ ಮೇಸ್ತ್ರಿ.

"ಇದೇ ಅಲ್ವಾ, ಈ ಗೆರೆ."

"ಗೆರೆ ಸರಿ. ಗೋಡೆ ಎಲ್ಲಿ?"

ಟೇಪಣ್ಣ ಗೆರೆಯ ಮೇಲೆ ಬೆರಳಾಡಿಸಿ ನೋಡಿದ. ನಲವತ್ತು ವರ್ಷ ಬಟ್ಟೆ ಕತ್ತರಿಸಿದ ಕೈ ಅದು. ಬಟ್ಟೆಗೆ ಉದ್ದ ಉಂಟು, ಅಗಲ ಉಂಟು, ದಪ್ಪವನ್ನು ಯಾರು ಲೆಕ್ಕ ಹಾಕುತ್ತಾರೆ? ಹೊಲಿಗೆಗೆಂದು ಸುತ್ತಲೂ ಅರ್ಧ ಇಂಚು ಬಿಡುವುದನ್ನು ಮಾತ್ರ ಅವನು ಮರೆತಿರಲಿಲ್ಲ. ಕೋಣೆಗೂ ಬಚ್ಚಲಿಗೂ ನಡುವೆ ನೀಟಾಗಿ ಮಾರ್ಜಿನ್ ಬಿಟ್ಟು ಚುಕ್ಕಿ ಗೆರೆ ಎಳೆದಿದ್ದ.

ಮೇಸ್ತ್ರಿ ನಗಲಿಲ್ಲ, ಅದು ಅವನ ದೊಡ್ಡತನ. ಸೀದಾ ಹೋಗಿ ಗೂಟ ಹೊಡೆದು ದಾರ ಕಟ್ಟಿ, ಸುಣ್ಣದ ಪುಡಿ ಚೆಲ್ಲಿ ನೆಲದ ಮೇಲೆಯೇ ಬರೆದು ತೋರಿಸಿದ. ಒಂದೊಂದು ಗೋಡೆಗೂ ಮುಕ್ಕಾಲು ಅಡಿ. ಮುಂದೆ, ಹಿಂದೆ, ನಡುವೆ ಎರಡು, ಗೋಡೆಗಳೇ ಉದ್ದದಲ್ಲಿ ಮೂರಡಿ ನುಂಗಿಬಿಟ್ಟವು. ನಾಲ್ಕಡಿಯಲ್ಲಿ ಮೆಟ್ಟಿಲು ಇಳಿಸಬೇಕಾದರೆ ಏಣಿಯನ್ನೇ ಇಡಬೇಕು, ಸರಿಯಾದ ಮೆಟ್ಟಿಲಿಗೆ ಹದಿನಾರಡಿ ಉದ್ದ ಬೇಕು ಎಂದ. ಹೊರಗಡೆ ಹಾಕೋಣವೆಂದರೆ ಬಿಡಬೇಕಾದ ಜಾಗ ಬಿಟ್ಟು ಉಳಿದದ್ದೇ ಇಷ್ಟು.

ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ಅಳತೆ ವಿಷಯದಲ್ಲಿ..." ಎಂದು ಶುರುಮಾಡಿದವಳು ಗಂಡನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು.

ಮೂರು ದಿನ ಟೇಪಣ್ಣನ ತಲೆ ಚಿಟ್ಟು ಹಿಡಿದುಹೋಯಿತು. ಆ ಖಾಲಿ ಜಾಗದಲ್ಲಿ ಸುಣ್ಣದ ಗೆರೆಗಳ ನಡುವೆ ಹೋಗುವುದು, ನಿಲ್ಲುವುದು, ಬರುವುದು. ಶಾಲೆಯ ಸಮವಸ್ತ್ರಗಳು ಮೂಟೆಯಲ್ಲೇ ಉಳಿದವು. ಗಿರಾಕಿಗಳಿಗೆ ಹೇಳುವ ನೆಪಗಳು ಮುಗಿದು, ಹಳೆಯ ನೆಪಗಳನ್ನೇ ತಿರುಗಿಸಿ ಹೇಳಿದ. ನಾಲ್ಕನೆಯ ದಿನ ಬೆಳಿಗ್ಗೆ ಹೊಳೆಯಿತು. ಹಳೆಯ ಗೋಡೆಗೆ ಒರಗಿಸಿ, ಅಕ್ಕನ ಕೋಣೆಯೊಳಗಿಂದಲೇ ಮೆಟ್ಟಿಲು ಹತ್ತಿಸಿದರೆ? ಗೋಡೆ ಸೇರಿ ಅಗಲದಲ್ಲಿ ನಾಲ್ಕಡಿ ಹೋಗುತ್ತದೆ, ಹೋಗಲಿ. ಎಂಟಡಿ ಅಗಲ ಅಕ್ಕನಿಗೆ ಉಳಿಯುತ್ತದೆ. ಮೇಸ್ತ್ರಿಯನ್ನು ಓಡಿಸಿಕೊಂಡು ಬಂದು ಹೊಸ ಗೆರೆ ಹಾಕಿಸಿದ. ಖುಷಿ ತಡೆಯಲಾರದೆ ಮೊದಲ ಬಾರಿಗೆ ಅಕ್ಕನನ್ನು ಕರೆದ.

"ಬಾ ಅಕ್ಕ, ನಿನ್ನ ಕೋಣೆ ನೋಡು."

ಅಕ್ಕ ನಿಧಾನವಾಗಿ ಬಂದು ಸುಣ್ಣದ ಗೆರೆಯನ್ನು ತುಳಿಯದಂತೆ ದಾಟಿ ನಡುವೆ ನಿಂತಳು. ಮಂಚ ಎಲ್ಲಿ, ಕಿಟಕಿ ಎಲ್ಲಿ ಎಂದೆಲ್ಲ ಟೇಪಣ್ಣ ಬೆರಳು ಮಾಡಿ ತೋರಿಸಿದ. ಅವಳು ತಲೆ ಆಡಿಸುತ್ತಾ ಕೇಳಿಸಿಕೊಂಡಳು. ಆಮೇಲೆ ಮೆಟ್ಟಿಲಿನ ಗೆರೆಯನ್ನು ನೋಡಿದಳು.

"ಅಂಗಡಿಗೆ ಹೋಗೋರು ಯಾವ ಕಡೆಯಿಂದ ಹೋಗ್ತಾರೆ?"

"ಇಲ್ಲಿಂದಲೇ, ಹೀಗೆ ಪಕ್ಕದಲ್ಲಿ. ನಿನಗೇನೂ ತೊಂದರೆ ಆಗಲ್ಲ. ಉದ್ದಕ್ಕೂ ಒಂದು ಪರದೆ ಹೊಲಿದು ಹಾಕ್ತೀನಿ. ಈ ಹಳೇ ಹಸಿರುದಲ್ಲ, ಒಳ್ಳೇ ದಪ್ಪ ಬಟ್ಟೆ, ಅಸ್ತರ್ ಕೊಟ್ಟು."

ಅಕ್ಕ ದಾರ ಕಟ್ಟಿದ್ದ ಗೂಟವನ್ನೇ ನೋಡುತ್ತಾ ನಿಂತಳು. ಮೇಸ್ತ್ರಿ ಬೀಡಿ ಹುಡುಕುವ ನೆಪದಲ್ಲಿ ಆಚೆ ಹೋದ.

"ಪರದೆ ಬೇಡ ಕಣೋ" ಎಂದಳು ಕೊನೆಗೆ. ದನಿಯಲ್ಲಿ ಸಿಟ್ಟಿರಲಿಲ್ಲ. "ಮೂವತ್ತೊಂದು ವರ್ಷ ಪರದೆ ಹಿಂದೇನೇ ಇದ್ದೀನಿ. ಇದಕ್ಕೆ ಇಷ್ಟೆಲ್ಲಾ ಇಟ್ಟಿಗೆ ಯಾಕೆ ತರಿಸ್ತೀಯ?"

ಟೇಪಣ್ಣ ಟೇಪು ಬಿಚ್ಚಿ ಗೆರೆಗೆ ಹಿಡಿದ. "ಹಂಗಲ್ಲ ಅಕ್ಕ, ಜಾಗ ಸಾಲ್ತಿಲ್ಲ, ಅದಕ್ಕೆ..."

"ನನಗೆ ಮೇಲಿಂದು ಕೊಡು."

"ಮೇಲಿಂದಾ? ನಿನ್ನ ಮೊಣಕಾಲು?"

"ಮೊಣಕಾಲು ನಂದು, ನೋವೂ ನಂದು. ಹತ್ತಿ ಹೋದ್ರೆ ದಿನಕ್ಕೊಂದು ಸಲ ಇಳೀತೀನಿ. ಮೇಲಿನ ಕೋಣೆ ದಾಟಿ ಯಾರೂ ಎಲ್ಲಿಗೂ ಹೋಗೋಕಿರಲ್ಲ ನೋಡು. ನನಗೆ ಅಷ್ಟು ಸಾಕು." ಇಷ್ಟು ಹೇಳಿ, ಹೆಚ್ಚಾಗಿ ಮಾತಾಡಿದೆನೇನೋ ಎಂಬಂತೆ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

ಟೇಪಣ್ಣ ಅಲ್ಲೇ ಮುರಿದ ಕುರ್ಚಿಯ ಮೇಲೆ ಕೂತ. ಇಪ್ಪತ್ತೆರಡು ಕಾಗದ ಹಾಳು ಮಾಡುವ ಬದಲು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು.

ಮೇಸ್ತ್ರಿ ಬಂದು ಕೆಮ್ಮಿದ. "ಮೇಲೆ ಅಂದ್ರೆ ಮೆಟ್ಟಿಲಿನ ಎತ್ತರ ನೋಡ್ಬೇಕು. ಆರಿಂಚು ಅವರಿಗೆ ಕಷ್ಟ."

"ಎಷ್ಟು ಬೇಕು?"

"ಅದು ನಿಮಗೇ ಗೊತ್ತಿರಬೇಕು. ಅಳತೆಯವರು ನೀವು."

ಆ ಸಂಜೆ ಟೇಪಣ್ಣ ಅಕ್ಕನ ಅಳತೆ ತೆಗೆದ. ಈ ಸಲ ಕದ್ದಲ್ಲ. ಹಲಗೆಗಳನ್ನು ಒಂದರ ಮೇಲೊಂದು ಇಟ್ಟು ಹತ್ತಿಸಿದ. ಆರಿಂಚಿಗೆ ಅವಳ ಕೈ ತಾನಾಗಿ ಗೋಡೆಗೆ ಹೋಯಿತು. ಐದೂವರೆಗೆ ತುಟಿ ಕಚ್ಚಿಕೊಂಡಳು. ಐದಕ್ಕೆ ಸಲೀಸಾಗಿ ಹತ್ತಿದಳು. "ಸಡಿಲ ಇದೆಯಾ?" ಎಂದು ಕೇಳಿದ. "ಹೂಂ, ಸರಿಯಾಗಿದೆ" ಎಂದಳು ಅಕ್ಕ, ಮತ್ತು ನಕ್ಕಳು.

ಹತ್ತಡಿ ಎತ್ತರಕ್ಕೆ ಐದಿಂಚು ಎಂದರೆ ಇಪ್ಪತ್ತನಾಲ್ಕು ಮೆಟ್ಟಿಲು. ಅಷ್ಟು ಮೆಟ್ಟಿಲು ನೇರವಾಗಿ ಹಿಡಿಯದೆ ನಡುವೆ ತಿರುವು ಬಂತು. ತಿರುವಿಗೆ ಇನ್ನಷ್ಟು ಅಗಲ ಹೋಯಿತು. ಕೆಳಗೆ ಅಂಗಡಿಗೆಂದು ಉಳಿದದ್ದು ಅವನ ಹಳೆಯ ಹಾಲಿನ ಅರ್ಧಕ್ಕೂ ಕಡಿಮೆ. ನಕ್ಷೆ ಬರೆಯುವ ಎಂಜಿನಿಯರು ಎಲ್ಲವನ್ನೂ ಸರಿಯಾದ ಕಾಗದದ ಮೇಲೆ, ಗೋಡೆಗಳಿಗೆ ದಪ್ಪ ಕೊಟ್ಟು ಬರೆದುಕೊಟ್ಟು, "ಆರಿಂಚಿನ ಮೆಟ್ಟಿಲು ಮಾಡಿದ್ರೆ ನಿಮ್ಮ ಟೇಬಲ್ಲು ಉಳಿಯುತ್ತೆ" ಎಂದರು. ಟೇಪಣ್ಣ ಮನೆಗೆ ಬಂದು ಬಡಗಿಯನ್ನು ಕರೆಸಿ ಕಟಿಂಗ್ ಟೇಬಲ್ಲನ್ನು ಎರಡೂವರೆ ಅಡಿ ಕೊಯ್ಯಿಸಿದ. ಗರಗಸ ಓಡುವಾಗ ಮಾತ್ರ ಅಲ್ಲಿ ನಿಲ್ಲಲಾರದೆ ಬೀದಿಯ ತುದಿಯವರೆಗೆ ಹೋಗಿ ಬಂದ.

ಕಟ್ಟಿದ ಏಳು ತಿಂಗಳ ಕಥೆ ಬೇಡ. ಕಟ್ಟಿಸಿದವರಿಗೆ ಅದು ಗೊತ್ತು, ಕಟ್ಟಿಸದವರು ನಂಬುವುದಿಲ್ಲ. ಒಂದು ಭಾನುವಾರ ಊಟವಾದ ಮೇಲೆ ಅಕ್ಕ ತನ್ನ ದಿಂಬನ್ನು ಕಂಕುಳಲ್ಲಿಟ್ಟುಕೊಂಡು, ಕಂಬಿ ಹಿಡಿದು, ತಿರುವಿನಲ್ಲಿ ಒಮ್ಮೆ ನಿಂತು ಉಸಿರೆಳೆದುಕೊಂಡು ಮೇಲೆ ಹೋದಳು. ಬಾಗಿಲು ಹಾಕಿದ ಸದ್ದಾಯಿತು. ಚಿಲಕದ ಸದ್ದೂ ಆಯಿತು.

ಟೇಪಣ್ಣನಿಗೆ ಕೆಳಗೆ ಕೈ ಓಡಲಿಲ್ಲ. ಕಿಟಕಿ ಬಿಗಿಯಾಗಿದೆಯೇನೋ, ಬಿಸಿಲು ಹೊಡೆಯುತ್ತಿದೆಯೇನೋ, ಬಚ್ಚಲಿನ ನಲ್ಲಿ ಅವಳ ಕೈಗೆ ತಿರುಗುತ್ತದೋ ಇಲ್ಲವೋ.

"ಸುಮ್ನೆ ಇರಿ, ಅತ್ತಿಗೆ ಮಲಗಲಿ" ಎಂದಳು ಹೆಂಡತಿ.

ಕಾಲು ಗಂಟೆ ತಡೆದುಕೊಂಡ. ಆಮೇಲೆ ಎರಡೆರಡು ಮೆಟ್ಟಿಲು ಹಾರಿ ಹತ್ತಿ ಬಾಗಿಲು ತಟ್ಟಿದ. ಹುಟ್ಟಿದಾಗಿನಿಂದ ಅಕ್ಕನ ಬಾಗಿಲು ತಟ್ಟಿದವನಲ್ಲ.

"ಯಾರು?"

ಅವನ ಹೆಜ್ಜೆಯ ಸದ್ದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಕೇಳಿದಳು.

"ನಾನು ಅಕ್ಕ."

"ಏನು?"

"ಏನಿಲ್ಲ. ಸುಮ್ನೆ ಬಂದೆ."

"ಸುಮ್ನೆ ಆದ್ರೆ ಆಮೇಲೆ ಬಾರೋ. ಮಲಗಿದ್ದೀನಿ."

ಅವನಿಗೆ ಚುರುಕ್ ಎಂದಿತು. ಅದರ ಹಿಂದೆಯೇ ಎಂಥದೋ ಸಂತೋಷ ಉಕ್ಕಿ ಬಂತು. ಇಳಿಯಲು ಹೋದವನು ಮೇಲಿನ ಮೆಟ್ಟಿಲ ಮೇಲೆಯೇ ಕೂತ. ಸ್ವಲ್ಪ ಹೊತ್ತಿಗೆ ಬಾಗಿಲಾಚೆಯಿಂದ ದೊಡ್ಡ ಗೊರಕೆ ಕೇಳಿಸಿತು. ಒಂದು ಕಿವಿ ತೆರೆದುಕೊಂಡೇ ಮಲಗುತ್ತಿದ್ದ ಅಕ್ಕ ಗೊರಕೆ ಹೊಡೆಯುತ್ತಾಳೆಂಬುದು ಅವನಿಗೆ ತನ್ನ ಐವತ್ತನಾಲ್ಕನೆಯ ವಯಸ್ಸಿನಲ್ಲಿ ಗೊತ್ತಾಯಿತು.