ಕೊನೆಯ ಡಬ್ಬಿಯ ಕೆಂಪು ಬಾವುಟ

ಹಿರೇಕೆರೂರಿಗೆ ರೈಲು ಬಂದಿಲ್ಲ. ಚುನಾವಣೆ ಬಂದಾಗಲೆಲ್ಲ ಬರುತ್ತದೆ ಎಂದು ಹೇಳುವವರಿದ್ದಾರೆ, ಅವರ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಈ ಊರಿಗೆ ರೈಲು ತಂದವರು ಯಾರಾದರೂ ಇದ್ದರೆ ನಮ್ಮ ಬಸ್ ನಿಲ್ದಾಣದ ಕಂಟ್ರೋಲರ್ ಶೀಲಕ್ಕ ಒಬ್ಬಳೇ. ನಾನು ಇನಾಯತ, ನಿಲ್ದಾಣದ ಎದುರಿಗೆ ಪೆನ್ನು, ಪಟ್ಟಿ, ಅಂಟು ಮಾರುವವನು. ಅವಳು ಕೊಳ್ಳುವ ಅಂಟಿನ ಮೇಲೆಯೇ ನನ್ನ ಸಂಸಾರ ನಡೆದಿದೆ ಎಂದು ಅವಳನ್ನು ಆಗಾಗ ಛೇಡಿಸುತ್ತಿರುತ್ತೇನೆ.

ಶೀಲಕ್ಕನ ತವರು ಸವಣೂರು ತಾಲ್ಲೂಕಿನ ಯಲವಿಗಿ. ಮನೆಯ ಹಿಂದೆಯೇ ರೈಲು ಹಳಿ. ಗೂಡ್ಸ್ ಗಾಡಿ ಬಂದರೆ ಉಳಿದ ಮಕ್ಕಳೆಲ್ಲ ಎಂಜಿನ್ ನೋಡಲು ಓಡುತ್ತಿದ್ದರು, ಈಕೆ ಮಾತ್ರ ಕೊನೆಯ ಡಬ್ಬಿಗಾಗಿ ಕಾಯುತ್ತಿದ್ದಳಂತೆ. ಅದರ ಹಿಂದೆ ಕೆಂಪು ಬಾವುಟ ಕಂಡರೆ ಗಾಡಿ ಪೂರ್ತಿ ಬಂತು, ದಾರಿಯಲ್ಲಿ ಯಾವ ಡಬ್ಬಿಯೂ ಕಳಚಿ ಉಳಿದಿಲ್ಲ ಎಂದು ಅರ್ಥ. ಮದುವೆಯಾಗಿ ಬಂದದ್ದು ಹಳಿಯೇ ಇಲ್ಲದ ಊರಿಗೆ. ಹಗಲೆಲ್ಲ ಮೈಕಿನಲ್ಲಿ ಹಾವೇರಿ ಬಸ್ಸು, ಹಾನಗಲ್ ಬಸ್ಸು ಎಂದು ಕೂಗುತ್ತಾಳೆ, ಸಂಜೆ ಮನೆಗೆ ಹೋಗಿ ಗೂಡ್ಸ್ ಡಬ್ಬಿ ಕಟ್ಟುತ್ತಾಳೆ.

ಡಬ್ಬಿ ಎಂದರೆ ಅಂಗೈ ಉದ್ದದ್ದು. ಅಂಚೆಯಲ್ಲಿ ಬರುವ ಕಿಟ್ಟಿನೊಳಗೆ ಬಾಗಿಲು, ಛಾವಣಿ, ಏಣಿ ಎಲ್ಲವೂ ಬಿಡಿಬಿಡಿಯಾಗಿ ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡಿರುತ್ತವೆ. ಉಗುರು ಕತ್ತರಿಯಿಂದ ಬಿಡಿಸಿ, ಅಂಚು ಉಜ್ಜಿ, ಅಂಟಿಸಿ, ಬಣ್ಣ ಹಚ್ಚಬೇಕು. ಕರೆಂಟಿನಿಂದ ಓಡುವ ಎಂಜಿನ್ ಒಂದನ್ನು ಮಾತ್ರ ಸಿದ್ಧವಾದದ್ದೇ ಕೊಂಡಿದ್ದಳು. ನನಗೆ ಒಮ್ಮೆ ಕೊಟ್ಟು ನೋಡಿದಳು. ಏಣಿಯ ಬದಲು ನನ್ನ ಬೆರಳೇ ಡಬ್ಬಿಗೆ ಅಂಟಿತು, ಅಲ್ಲಿಗೆ ನನ್ನ ಕಲಿಕೆ ಮುಗಿಯಿತು.

ಹುಬ್ಬಳ್ಳಿಯ ಮಾದರಿ ರೈಲಿನ ಸಂಘವೊಂದು ವರ್ಷಕ್ಕೊಮ್ಮೆ ಶಿಗ್ಗಾವಿಯ ಕಲ್ಯಾಣಮಂಟಪದಲ್ಲಿ ಹಳಿ ಹಾಸುತ್ತದೆ. ಅದರಲ್ಲೊಂದು ಏರು, ಏರಿನ ಮೇಲೊಂದು ತಿರುವು. ಒಂದು ಡಬ್ಬಿಯೂ ಬೀಳದಂತೆ ಸುತ್ತು ಮುಗಿಸಿದ ಗಾಡಿಗೆ ಹುಬ್ಬಳ್ಳಿಯಲ್ಲಿರುವ ಸಂಘದ ದೊಡ್ಡ ಕಾಯಂ ಹಳಿಯಲ್ಲಿ ಜಾಗ ಸಿಗುತ್ತದೆ. ಹೋದ ವರ್ಷ ಶೀಲಕ್ಕನ ಡಬ್ಬಿಗಳು ಹಗುರಾಗಿದ್ದವು, ತಿರುವಿನಲ್ಲಿ ಒಂದರ ಹಿಂದೊಂದು ಉರುಳಿದವು. ಬಸ್ ಸ್ಟ್ಯಾಂಡಿನ ರೈಲು ಎಂದು ಯಾರೋ ನಕ್ಕರು. ನೆನೆದರೆ ಈಗಲೂ ನನಗೆ ಸಿಟ್ಟು ನೆತ್ತಿಗೇರುತ್ತದೆ.

ಆಮೇಲೆ ವರ್ಷವಿಡೀ ಅದೇ ಕೆಲಸ. ಪ್ಲಾಸ್ಟಿಕ್ ಗಾಲಿ ತೆಗೆದು ಲೋಹದ ಗಾಲಿ ಕೂರಿಸಿದಳು. ಕೊಂಡಿಗಳನ್ನೆಲ್ಲ ಒಂದೇ ಎತ್ತರಕ್ಕೆ ತಂದಳು. ಟೈರ್ ಅಂಗಡಿಯ ಅಯಾಜ್ ಕಾರಿನ ಗಾಲಿ ಸರಿತೂಗಿಸಲು ಹಚ್ಚುವ ಸೀಸದ ತುಂಡುಗಳನ್ನು ಕೊಟ್ಟ, ಅವು ಡಬ್ಬಿಗಳ ಹೊಟ್ಟೆ ಸೇರಿದವು. ಹೊಸ ಬಣ್ಣದ ಮಿರುಗು ಹೋಗಲೆಂದು ಎರೆಮಣ್ಣಿನ ಧೂಳು ಸವರಿದಳು. ಪ್ರತಿ ಡಬ್ಬಿಯ ಮೇಲೂ ಹಿರೇಕೆರೂರು ಎಂದು ಬರೆದಳು. ಕೊನೆಯ ಡಬ್ಬಿಗೆ ಬಾವುಟ ಮಾತ್ರ ಕಟ್ಟಲಿಲ್ಲ. ಪೂರ್ತಿ ಸುತ್ತು ಬರದ ಗಾಡಿಗೆ ಬಾವುಟ ಕಟ್ಟಿದರೆ ಸುಳ್ಳು ಹೇಳಿದ ಹಾಗೆ ಎಂಬುದು ಅವಳ ಹಟ.

“ಈ ಸಲನೂ ಬಿದ್ರ ಎಲ್ಲಾ ಗಂಟು ಕಟ್ಟಿ ಅಟ್ಟಕ್ಕ ಹಾಕ್ತೇನಿ, ಇನಾಯತಣ್ಣ,” ಎಂದಳು. ಹೇಳಿದಂತೆ ಮಾಡುವ ಹೆಂಗಸು, ನನಗೆ ಹೆದರಿಕೆಯಾಯಿತು.

ಅವಳ ಮಾವ ಉಳವಪ್ಪಜ್ಜ ಎತ್ತಿನ ಗಾಡಿ ಹೊಡೆದು ಮುದುಕನಾದ ಜೀವ. ಮನೆಗೆ ಟ್ರ್ಯಾಕ್ಟರ್ ಬಂದರೂ ಗಾಲಿಗೆ ಹಾಕುವ ಕೀಲೆಣ್ಣೆಯ ಬಿದಿರು ಕೊಳವೆ ಇನ್ನೂ ಜಂತಿಗೆ ತೂಗುತ್ತಿದೆ. ಸೊಸೆಯ ಡಬ್ಬಿಗಳನ್ನು ಹುಡುಗರ ಆಟಿಕೆ ಎಂದು ಮೂಗು ಮುರಿಯುತ್ತಿದ್ದ. ಅಂಥವನು ಪ್ರದರ್ಶನದ ದಿನ ಬೆಳಿಗ್ಗೆ ಕೆಂಪು ರುಮಾಲು ಸುತ್ತಿಕೊಂಡು ತಾನೂ ಬರುತ್ತೇನೆಂದು ನಮ್ಮಿಬ್ಬರ ಜೊತೆ ಬಸ್ಸು ಹತ್ತಿದ.

ಶಿಗ್ಗಾವಿಯಲ್ಲಿ ಗಾಡಿ ಸಪಾಟು ಜಾಗದಲ್ಲಿ ಸಲೀಸಾಗಿ ಹೊರಟಿತು. ಏರಿಗೆ ಬಂದದ್ದೇ ತಡ, ಎಂಜಿನ್ನಿನ ಗಾಲಿ ನಿಂತಲ್ಲೇ ಗಿರಗಿರ ತಿರುಗಿತು, ಗಾಡಿ ಹಿಂದಕ್ಕೆ ಜಾರಿತು. ಸಂಘದ ಸುನೀಲ ಒಳ್ಳೆಯ ಮನುಷ್ಯ. ಹಳಿ ಒರೆಸಿ, ಉಳಿದವರ ಗಾಡಿಗಳು ಓಡಿದ ಮೇಲೆ ಇನ್ನೊಂದು ಸರದಿ ಕೊಡುವುದಾಗಿ ಹೇಳಿದ. ಅದೇ ಕೊನೆಯ ಸರದಿ.

ಶೀಲಕ್ಕ ಒಂದು ಡಬ್ಬಿ ಮಗುಚಿ, ಗಾಲಿ ಮುಟ್ಟಿ, ಬೆರಳು ಮೂಸಿದಳು. ಕೀಲೆಣ್ಣೆಯ ವಾಸನೆ ನನಗೂ ಬಂತು. ಎಂಜಿನ್ನಿನ ಗಾಲಿಗೂ ಅದೇ ಜಿಡ್ಡು, ಅದಕ್ಕೇ ಅದು ಹಳಿ ಹಿಡಿಯದೆ ಜಾರಿತ್ತು. ಇಬ್ಬರೂ ಅಜ್ಜನ ಕಡೆ ತಿರುಗಿದೆವು.

“ನಾನ ಹಚ್ಚೇನಿ ಯವ್ವಾ, ನೀ ಜಳಕಕ್ಕ ಹೋದಾಗ,” ಎಂದ. “ಕೀಲೆಣ್ಣಿ ಇಲ್ದ ಗಾಡಿ ನಮ್ಮ ಮನಿಯಿಂದ ಯಾವತ್ತೂ ಹೊಂಟಿಲ್ಲ.”

ನನ್ನ ಬಾಯಿಗೆ ಬಂದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಶೀಲಕ್ಕನ ಮುಖವೂ ಸಿಟ್ಟಿನಿಂದ ಕೆಂಪೇರಿತ್ತು. ಆದರೆ ಬಾಯಿ ತೆರೆದವಳು ತಡೆದು ನಿಂತಳು, ಕಣ್ಣು ತುಂಬಿದವು.

“ಮಾವಾರ, ನೀವು ಇದಕ್ಕ ಗಾಡಿ ಅಂದ್ರಿ,” ಎಂದಳು.

ಒರೆಸಲು ಅರಿವೆ ಬೇಕೆಂದು ಅವಳು ಚೀಲ ತಡಕುತ್ತಿದ್ದಾಗ ಅಜ್ಜ ತಲೆಯ ರುಮಾಲು ಬಿಚ್ಚಿ ಪರ್ರನೆ ಹರಿದ. ನಾಲ್ಕು ಜನರ ನಡುವೆ ಆತನ ಬರಿದಲೆಯನ್ನು ನಾನು ಕಂಡದ್ದು ಅದೇ ಮೊದಲು. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಔಷಧಿ ಅಂಗಡಿಗೆ ಓಡಿ ಸ್ಪಿರಿಟ್ ತಂದೆ. ಮೂವರೂ ನೆಲಕ್ಕೆ ಕುಳಿತು ಒಂದೊಂದೇ ಗಾಲಿ ಒರೆಸಿದೆವು. ಈ ಸಣ್ಣ ಅಚ್ಚುಗಳಿಗೆ ಎಣ್ಣೆ ಆಗದು, ಒಣ ಪುಡಿಯೇ ಸಾಕು ಎಂದಳು ಶೀಲಕ್ಕ. ನನ್ನ ಜೇಬಿನ ಪೆನ್ಸಿಲ್ಲಿನ ಮೊನೆ ಕೆರೆದು ಕರಿಪುಡಿ ಮಾಡಿಕೊಟ್ಟೆ, ಅಜ್ಜ ಅದನ್ನು ಕಡ್ಡಿಯ ತುದಿಯಿಂದ ಅಚ್ಚುಗಳಿಗೆ ಹಚ್ಚಿದ. ಹಳಿ ಹಿಡಿಯಬೇಕಾದ ಎಂಜಿನ್ನಿನ ಗಾಲಿಗೆ ಮಾತ್ರ ಪುಡಿ ಸೋಕಿಸಲಿಲ್ಲ.

ಸರದಿ ಬಂತು. ಗಾಡಿ ಏರಿಗೆ ಬಂದಾಗ ಅಜ್ಜ ಬರಿದಲೆಯಲ್ಲೇ ಅದರ ಪಕ್ಕದಲ್ಲಿ ನಡೆಯುತ್ತ, ಎತ್ತುಗಳನ್ನು ಹುರಿದುಂಬಿಸುವವನಂತೆ ನಾಲಗೆ ಲೊಚಗುಟ್ಟಿಸಿದ. ಎಂಜಿನ್ ಜಗ್ಗಿತು. ಸೀಸ ತುಂಬಿದ ಡಬ್ಬಿಗಳು ಹಳಿ ಕಚ್ಚಿ ಹಿಡಿದು ಏರು ಹತ್ತಿದವು, ತಿರುವು ದಾಟಿದವು, ಒಂದೂ ಅಲುಗಲಿಲ್ಲ. ಸುತ್ತು ಮುಗಿದಾಗ ಮಂಟಪದ ತುಂಬ ಚಪ್ಪಾಳೆ. ಬಸ್ ಸ್ಟ್ಯಾಂಡಿನ ರೈಲು ಬಂತು ನೋಡ್ರಿ ಎಂದು ನಾನು ಕಂಡಕಂಡವರ ಭುಜ ಹಿಡಿದು ಹೇಳಿದೆ.

ಸುನೀಲ ಗಾಡಿಯನ್ನು ಹುಬ್ಬಳ್ಳಿಗೆ ಒಯ್ಯಲು ಪೆಟ್ಟಿಗೆ ತಂದ. ಒಂದು ನಿಮಿಷ ತಡೆಯಿರಿ ಎಂದಳು ಶೀಲಕ್ಕ. ನೆಲದಲ್ಲಿ ಬಿದ್ದಿದ್ದ ರುಮಾಲಿನ ಚೂರುಗಳಲ್ಲಿ ಎಣ್ಣೆ ತಾಗದ ಒಂದು ಅಂಚನ್ನು ಹುಡುಕಿ, ಉಗುರು ಕತ್ತರಿಯಿಂದ ಅಕ್ಕಿಕಾಳಿನಷ್ಟು ಕತ್ತರಿಸಿ, ಕೊನೆಯ ಡಬ್ಬಿಯ ಹಿಂದೆ ಅಂಟಿಸಿದಳು. ಅದು ಯಾಕೆಂದು ಅಜ್ಜ ಕೇಳಿದ.

“ಗಾಡಿ ಪೂರ್ತಿ ಬಂತು ಅಂತ, ಮಾವಾರ,” ಎಂದಳು. “ಯಾರೂ ಹಿಂದ ಉಳಿದಿಲ್ಲ.”